ಯೆಜ್ಡಿ ಯಾರಿಗೆ ಕೊಡೋದು?

ಹೋದ ವಾರ ಕಡ್ಲಿಗೆ ಬರೋ ಸಿಡಿ ರೋಗದ ಬಗ್ಗೆ ಬರದಿದ್ದೆ, ಭಾಳ ಮಂದಿ ಫೋನ್ ಮಾಡಿದ್ರಿ. ಈ ವಾರ ಬೆಳಿ ಸುದ್ದಿ ಅಲ್ಲ, ಗಾಡಿ ಸುದ್ದಿ. ಮಹಾಕೂಟ, ನಂದಿಕೇಶ್ವರ, ಶಿವಯೋಗಮಂದಿರದ ಕಡೆ ಇರೋರಿಗೆ ನನ್ನ ಮಾರಿಗಿಂತ ನನ್ನ ಗಾಡಿ ಸಪ್ಪಳದ ಗುರ್ತ ಜಾಸ್ತಿ. ಆ ಗಾಡಿಗೆ ಈಗ ಇಬ್ಬರು ಗಂಟು ಬಿದ್ದಾರ. ಒಬ್ಬರು ಬೆಂಗಳೂರಿನವರು, ಬನಶಂಕರಿ ಜಾತ್ರಿಯೊಳಗ ನೋಡಿ 1,30,000ಕ್ಕ ಕೇಳ್ಯಾರ. ಇನ್ನೊಬ್ಬ ನಮ್ಮ ತಮ್ಮನ ಮಗ, 22ರ ಹುಡುಗ, ಒಂದು ರೂಪಾಯಿ ಕೊಡಂಗಿಲ್ಲ, ಬರೇ ಕೀಲಿ ಕೇಳ್ತಾನ. ನನ್ನ ಎಡಗಾಲಿನ ಮಣಕಾಲು ಕಿಕ್ ಹೊಡಿಯಾಕ ಒಲ್ಲೆ ಅನ್ನಾಕ ಹತ್ತೇತಿ. ಸವದೈತಿ ಅಂದ್ರು ಡಾಕ್ಟರು. ಹಂಗಾಗಿ ಯಾರಿಗಾದರೂ ಕೊಡೋದಂತೂ ಖರೆ.

ಸಣ್ಣ ಹುಡುಗರಿಗೆ ಗಾಡಿ ಯಾವುದು ಅಂತ ಹೇಳಬೇಕು. ಯೆಜ್ಡಿ ರೋಡ್‌ಕಿಂಗ್, 1990ರ ಮಾಡೆಲ್. ಮೈಸೂರಿನ ಯಾದವಗಿರಿಯೊಳಗ ಐಡಿಯಲ್ ಜಾವಾ ಅಂತ ಕಂಪನಿ ಇತ್ತು. ಇರಾನಿ ಅನ್ನೋ ಪಾರ್ಸಿ ಮನೆತನದವರು 1960ರಾಗ ಶುರು ಮಾಡಿದ್ದು, ಮರುವರ್ಷದಿಂದ ಗಾಡಿ ಹೊರಗ ಬಂದವು. ಮೊದಲು ಚೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲೇ ಮಾರಿದರು, 70ರ ದಶಕದಾಗ ಯೆಜ್ಡಿ ಅಂತ ಹೆಸರಿಟ್ಟರು. ಇರಾನ್ ದೇಶದ ಯಜ್ದ್ ಅನ್ನೋ ಊರಿನಿಂದ ಬಂದ ಹೆಸರು ಅದು. 1978ರಾಗ ರೋಡ್‌ಕಿಂಗ್ ಬಂತು. 250 ಸಿಸಿ, ಒಂದೇ ಸಿಲಿಂಡರ್, ಆದರ ಸೈಲೆನ್ಸರ್ ಎರಡು. 16 ಹಾರ್ಸ್‌ಪವರ್. ಕಿಕ್ಕರ್ ಮತ್ತ ಗೇರ್ ಎರಡಕ್ಕೂ ಒಂದೇ ಲಿವರ್, ಅದೂ ಎಡಗಡೆ. ಹೊಸಬರು ಕಿಕ್ಕರ್ ಹುಡುಕ್ಯಾಡಿ ಸುಸ್ತಾಗ್ತಾರ. ಇವತ್ತಿನ ಲೆಕ್ಕದಾಗ ಇದು ದೊಡ್ಡ ಗಾಡಿ ಏನಲ್ಲ. ಆದರ ರಸ್ತಾದ ಮ್ಯಾಲ ಅಂಬಾಸಿಡರ್ ಓಡಾಡೋ ಕಾಲದಾಗ 120ರ ತನಕ ಹೋಗೋ ಗಾಡಿ ಅಂದ್ರ ಮಂದಿ ನಿಂತು ನೋಡ್ತಿದ್ರು.

1985ರಾಗ ಹೀರೋ ಹೋಂಡಾ ಬಂತು, ಲೀಟರಿಗೆ ಇದರ ಎರಡು ಪಟ್ಟಿಗಿಂತ ಜಾಸ್ತಿ ಮೈಲೇಜ್. ಆಮ್ಯಾಲ ಹೊಗಿ ಕಾನೂನು ಬಿಗಿ ಆತು. 1996ರಾಗ ಮೈಸೂರಿನ ಕಾರ್ಖಾನಿ ಬಾಗಲ ಹಾಕಿತು. ಮರುವರ್ಷ ನಾನು ಉಳ್ಳಾಗಡ್ಡಿ ಮಾರಿದ ರೊಕ್ಕ ಕಿಸೆದಾಗ ಇಟಗೊಂಡು ಹುಬ್ಬಳ್ಳಿಗೆ ಹೋಗಿ ಸೆಕೆಂಡ್ ಹ್ಯಾಂಡ್ ತಂದೆ. “ಕಂಪನೀನ ಸತ್ತೈತಿ, ಗಾಡಿ ತಗೊಂಡು ಏನ್ ಮಾಡ್ತೀಯೋ” ಅಂತ ನಮ್ಮ ಅಪ್ಪ ಬೈದ. ಸತ್ತಿದ್ದಕ್ಕ ಅಗ್ಗ ಸಿಕ್ಕಿದ್ದು, ಇಲ್ಲಂದ್ರ ನಮ್ಮಂಥವರಿಗೆ ಎಲ್ಲಿಂದ ಬರಬೇಕು.

ಇದು ಟೂ ಸ್ಟ್ರೋಕ್. ಪವರ್ ಸ್ಪ್ರೇಯರ್ ಹೊತ್ತು ಔಷಧ ಹೊಡದವರಿಗೆ ಗೊತ್ತು, ಪೆಟ್ರೋಲಿನಾಗ ಆಯಿಲ್ ಕಲಸಿ ಹಾಕಬೇಕು. ನಾನು ಲೀಟರಿಗೆ 40 ಎಂ.ಎಲ್. ಹಾಕ್ತೀನಿ. ಪಿಸ್ಟನ್‌ಗೆ ಬ್ಯಾರೆ ಎಲ್ಲಿಂದಲೂ ಆಯಿಲ್ ಸಿಗಂಗಿಲ್ಲ, ಪೆಟ್ರೋಲ್ ಜೋಡಿ ಬಂದದ್ದಷ್ಟ. ಈ ಒಂದು ಮಾತು ತಿಳಕೊಂಡ್ರ ಅರ್ಧ ಗಾಡಿ ತಿಳಕೊಂಡಂಗ. ಜೋರು ಓಡಿಸ್ತಾ ಒಮ್ಮೆಲೆ ಎಕ್ಸಲೇಟರ್ ಪೂರ್ತಿ ಬಿಟ್ಟು ಇಂಜಿನ್ನಿನ ಮ್ಯಾಲ ಗಾಡಿ ತಡದ್ರ, ಚಕ್ರ ಇಂಜಿನ್ ತಿರುಗಸ್ತಿರತೈತಿ, ಪೆಟ್ರೋಲ್ ಮಾತ್ರ ಬರವಲ್ದು, ಅಂದ್ರ ಆಯಿಲ್ಲೂ ಬರವಲ್ದು. ಪಿಸ್ಟನ್ ಒಣಾ ಉಜ್ಜತೈತಿ. ಕಾದು ಉಬ್ಬಿ ಸಿಲಿಂಡರ್ ಹಿಡಕೋತೈತಿ. ಇದಕ್ಕ ಸೀಜ್ ಆಗೋದು ಅಂತಾರ. ಓಡೋ ಗಾಡಿ ಸೀಜ್ ಆದ್ರ ಹಿಂದಿನ ಗಾಲಿ ಜಾಮ್. ಕ್ಲಚ್ ಹಿಡಿಯೂದರೊಳಗ ನೀವು ರಸ್ತಾದ ಮ್ಯಾಲ.

ಒಂದು ಶಿವರಾತ್ರಿಗೆ ನಾನು, ನಮ್ಮ ಮಾಮಾನ ಮಗ ಕೂಡಿ ಗೋಕರ್ಣಕ್ಕ ಹೋಗಿದ್ವಿ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿ, ನಮ್ಮೂರಿಂದ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮಿ. ನವಲಗುಂದದ ಎರಿ ಹೊಲದ ನೆಟ್ಟನ ರಸ್ತಾದಾಗ 80, 90 ಅನ್ನೋದು ಗಾಡಿಗೆ ಆಟ. ಆ ಸಪ್ಪಳ ಒಂದೇ ಸುರಕ್ಕ ಬರತೈತಿ ನೋಡ್ರಿ, ಕೂಗೂದೂ ಅಲ್ಲ, ಹಾಡೂದೂ ಅಲ್ಲ, ನೆಟ್ಟಗ ಬೆನ್ನಿಗೆ ಹತ್ತತೈತಿ. ಅಷ್ಟು ಜೋರಿನಾಗೂ ನನ್ನ ಎರಡು ಬೆರಳು ಕ್ಲಚ್ ಮ್ಯಾಲೇ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯೋವಾಗ ಖರೆ ಪರೀಕ್ಷೆ. ಎಕ್ಸಲೇಟರ್ ಬಿಟ್ಟು ಇಳದ್ರ ಆಯಿಲ್ ಇಲ್ಲ. ಬರೇ ಬ್ರೇಕಿನ ಮ್ಯಾಲ ಇಳದ್ರ ಡ್ರಮ್ ಕಾದು ಬ್ರೇಕ್ ಹಿಡಿಯಂಗಿಲ್ಲ, ಲಿವರ್ ಹಿಡಿಕಿಗೆ ಬಂದು ಮುಟ್ಟತೈತಿ. ನಡುನಡುವ ಕ್ಲಚ್ ಹಿಡದು ಚೂರು ಎಕ್ಸಲೇಟರ್ ಕೊಟ್ಟು ಇಂಜಿನ್ನಿಗೆ ಆಯಿಲ್ ಕುಡಸೋದು, ಮತ್ತ ಗೇರಿನಾಗ ಬರೋದು. ಎರಡು ಕಡೆ ಬದಿಗೆ ನಿಲ್ಲಿಸಿ ಡ್ರಮ್ ಆರಿಸಿದ್ವಿ. ಮಾಮಾನ ಮಗ ಅದನ್ನ ಚಾದ ವ್ಯಾಳೆ ಅಂದುಕೊಂಡಿದ್ದ. ಸಂಜಿಗೆ ಗೋಕರ್ಣದ ದಂಡಿ ಮ್ಯಾಲ ಇದ್ವಿ.

ಈಗ ಬ್ರೇಕಿನ ಮಾತು. ನಮ್ಮ ಹುಡುಗ ಕೇಳಿದ್ದು ಹಿಂಗ: “ದೊಡ್ಡಪ್ಪಾ, ಕುಳಗೇರಿ ಕ್ರಾಸ್ ದಾಟಿದ್ರ ಹೈವೇ, ಒಂದ್ಸಲ 120 ಮುಟ್ಟಿಸಿ ನೋಡ್ತೀನಿ, ಕೊಡ್ರಿ.” ನಾ ಅವಗ ಹೊಲದ ಬದುವಿನ ಮ್ಯಾಲ ನಿಲ್ಲಿಸಿ ಲೆಕ್ಕ ಹೇಳಿದೆ. 120ರಾಗ ಒಂದು ಸೆಕೆಂಡಿಗೆ ಗಾಡಿ 33 ಮೀಟರ್ ಹೋಗತೈತಿ. ಎದುರಿಗೆ ಎಮ್ಮಿ ಕಂಡು ಕೈ ಬ್ರೇಕಿಗೆ ಹೋಗೋದ್ರೊಳಗ ಆ 33 ಹೋದವು. ಸ್ಪೀಡ್ ಎರಡು ಪಟ್ಟು ಆದ್ರ ನಿಲ್ಲೋ ದೂರ ನಾಲ್ಕು ಪಟ್ಟು. ಈ ಡ್ರಮ್ ಬ್ರೇಕಿಗೆ 60ರಾಗ 28 ಮೀಟರ್ ಬೇಕು ಅಂತ ಹಿಡದ್ರ 120ರಾಗ 110ರ ಮ್ಯಾಲ. ಎಲ್ಲಾ ಕೂಡಿಸಿದ್ರ, ಚೌಕಾಕಾರದ ಎರಡು ಎಕರೆ ಹೊಲ ಒಂದರ ಮುಂದ ಒಂದು ಇಟ್ಟು ನೋಡು, ಅದನ್ನೂ ದಾಟಿ ನಿಲ್ತದ. ಅದೂ ಒಣಾ ಡಾಂಬರಿನ ಮ್ಯಾಲ. ಹುಡುಗ ಬದುವಿನ ತುದಿ ನೋಡಿದ, ಏನೂ ಅನಲಿಲ್ಲ.

ಇದು ಯೆಜ್ಡಿ ಒಂದರ ಕತಿ ಅಲ್ಲ. ಎಸ್ಕಾರ್ಟ್ಸ್‌ನವರು 1983ರಿಂದ ಮಾಡಿದ ರಾಜದೂತ್ 350 ಇದಕ್ಕಿಂತ ಭಾಳ ಜೋರು, ಸುಮಾರು 30 ಹಾರ್ಸ್‌ಪವರ್. ಅದಕ್ಕೂ ಮುಂದ ಹಿಂದ ಡ್ರಮ್ಮ. 2022ರಾಗ ಯೆಜ್ಡಿ ಹೆಸರಿನಲ್ಲಿ ಹೊಸ ಗಾಡಿ ಬಂದಾವಲ್ಲ, 334 ಸಿಸಿ, ಫೋರ್ ಸ್ಟ್ರೋಕ್, ಡಿಸ್ಕ್ ಬ್ರೇಕ್, ಎಬಿಎಸ್. ಜೋರು ಓಡಸೋ ಹುಚ್ಚು ಇದ್ರ ಅದನ್ನ ತಗೋ ಅಂತ ಹೇಳೇನಿ. ಹೆಸರು ಒಂದೇ, ಗಾಡಿ ಬ್ಯಾರೆ.

ಇನ್ನೊಂದು ಮಾತು, ಸಿಟ್ಟು ಮಾಡಕೋಬ್ಯಾಡ್ರಿ. ನಮ್ಮ ಮಂದಿ ಜ್ವಾಳ, ಕಡ್ಲಿ ರಸ್ತಾದ ಮ್ಯಾಲ ಹರವತಾರ. ಅದರ ಮ್ಯಾಲ 40ರಾಗ ಬಂದವನೂ ಜಾರತಾನ. ಕಬ್ಬಿನ ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಹಿಂದ ಒಂದು ಕೆಂಪು ಲೈಟ್ ಇಲ್ಲ. ಒಂದು ರಿಫ್ಲೆಕ್ಟರ್ ಪಟ್ಟಿ ಹಚ್ಚಾಕ ಎಷ್ಟು ಖರ್ಚು ಬರತೈತಿ ಹೇಳ್ರಿ. ಕಬ್ಬು ಅಂದಕೂಡ್ಲೆ ನೆನಪಾತು, ಈಗ ಪೆಟ್ರೋಲಿನಾಗ 20 ಪರ್ಸೆಂಟ್ ಎಥೆನಾಲ್, ನಮ್ಮ ಕಬ್ಬು, ಗೊಂಜಾಳದ್ದ. ರೈತನಾಗಿ ನಂಗ ಖುಷಿ, ಹಳೆ ಗಾಡಿ ಯಜಮಾನನಾಗಿ ತಾಪತ್ರಯ. ಎಥೆನಾಲ್ ನೀರು ಎಳಕೋತೈತಿ, ಹಳೆ ರಬ್ಬರ್ ಮೆತ್ತಗ ಆಗತಾವು. ವಾರಗಟ್ಟಲೆ ನಿಲ್ಲಸೋದಿದ್ರ ಕಾರ್ಬುರೇಟರ್ ಖಾಲಿ ಮಾಡಿ ಇಡ್ರಿ. ಸ್ಪ್ರೇಯರಿಗೂ ಇದೇ ಮಾತು.

ಬೆಂಗಳೂರಿನವರಿಗೆ ಫೋನ್ ಮಾಡಿದ್ದೆ. ಒಳ್ಳೆ ಮನುಷ್ಯ. “ಓಡ್ಸೋದೇ ಇಲ್ಲ ಸರ್, ಹಾಲ್‌ನಲ್ಲಿ ಪಾಲಿಶ್ ಮಾಡಿ ಇಡ್ತೀನಿ” ಅಂದ್ರು. ಪ್ರೀತಿಯಿಂದಲೇ ಅಂದ್ರು. ನನಗ ಮಾತ್ರ ಕೂಡಲಿಲ್ಲ. 15 ವರ್ಷ ಆದ ಮ್ಯಾಲ ಐದೈದು ವರ್ಷಕ್ಕ ಆರ್‌ಸಿ ರಿನೀವಲ್ ಮಾಡಿಸೀನಿ. 2022ರ ಏಪ್ರಿಲ್‌ಗೆ 300 ಇದ್ದ ಫೀ 1000 ಆತು, ಅದನ್ನೂ ಕಟ್ಟೀನಿ. ಓಡೋ ಗಾಡಿ ಅಂತ ಕಟ್ಟಿದ್ದು. ಸರ್ಕಾರದ ಲೆಕ್ಕದಾಗ ವಿಂಟೇಜ್ ಅನಸಬೇಕಂದ್ರ 50 ವರ್ಷ ಆಗಬೇಕು, ಇದಕ್ಕ 2040ರ ತನಕ ಟೈಮ್ ಐತಿ.

ಆದರ ಬ್ಯಾಡ ಅನ್ನೋದು ಸಸಾರ ಇರಲಿಲ್ಲ. ಬೋರಿನ ಮೋಟರ್ ಸುಟ್ಟು ಕುಂತೈತಿ. ನಮ್ಮ ಮನಿಯಾಕಿ ಅಂದ್ಲು, “ಗಾಡಿ ನಿಮ್ದು, ಮಣಕಾಲು ನಿಮ್ದು. ಸುಟ್ಟ ಮೋಟರ್ ಮಾತ್ರ ಇಬ್ಬರದೂ.” ಅದಕ್ಕ ನನ್ನ ಹತ್ರ ಉತ್ತರ ಇಲ್ಲ. ಕಡ್ಲಿ ರೊಕ್ಕ ಬಂದ ಮ್ಯಾಲ ಕೊಡ್ತೀನಿ ಅಂತ ಹೇಳಿ ರಿವೈಂಡಿಂಗಿಗೆ ಹಾಕೀನಿ. ಅಕಿ ಇನ್ನೂ ಸರಿಯಾಗಿ ಮಾತಾಡವಲ್ಲಳು.

ಹುಡುಗಗ ಕೀಲಿ ಇನ್ನೂ ಕೊಟ್ಟಿಲ್ಲ. ಸ್ಪಾನರ್ ಕೊಟ್ಟೀನಿ. ಕಾರ್ಬುರೇಟರ್ ಬಿಚ್ಚಿ ತೊಳದು ಕೂಡಸಬೇಕು, ಎರಡೂ ಗಾಲಿ ಬ್ರೇಕ್ ಶೂ ತಾನೇ ಹಾಕಬೇಕು, ಆಮ್ಯಾಲ ಒಂದು ತಿಂಗಳು 60 ದಾಟದಂಗ ಮಹಾಕೂಟ–ಬಾದಾಮಿ ಓಡಾಡಬೇಕು. ಕಾರ್ಬುರೇಟರ್ ಆತು, ಮೂರನೇ ಸಲಕ್ಕ ಚಾಲೂ ಆತು. ಹಿಂದಿನ ಗಾಲಿ ಬಿಚ್ಚಿ ಕುಂತಾನ, ಡ್ರಮ್ ಒಳಗ ಸವದು ಗೀರು ಬಿದ್ದೈತಿ, ಇನ್ನೊಮ್ಮೆ ಲೇಥಿಗೆ ಕೊಡಾಕ ಬರಂಗಿಲ್ಲ. ನಿಮ್ಮ ಮನಿ ಅಟ್ಟದ ಮ್ಯಾಲ, ದನದ ಕೊಟ್ಟಿಗ್ಯಾಗ ಹಳೆ ರೋಡ್‌ಕಿಂಗ್ ಹಿಂದಿನ ಗಾಲಿ ಬಿದ್ದಿದ್ರ ಹೇಳ್ರಿ, ನಾನಾ ಬಂದು ನೋಡ್ತೀನಿ. ಬರೋವಾಗ ಬಸ್ಸಿಗೆ ಬರತೀನಿ, ಗಾಡಿ ಸಪ್ಪಳ ಕೇಳಲಿಲ್ಲ ಅಂತ ಬಾಗಲ ಹಾಕ್ಕೋಬ್ಯಾಡ್ರಿ.