ಖಾಡಿಗೆ ಬಾರದ ಹಾಯಿಮೀನು

ಸಿಬಿಡಿ ಬೇಲಾಪುರ ಬಿಟ್ಟ ಲೋಕಲ್ ಖಾರಘರ ಮುಟ್ಟುವ ಮೊದಲು ಒಂದೆರಡು ನಿಮಿಷ ಕಟ್ಟಡಗಳು ಹಿಂದೆ ಸರಿಯುತ್ತವೆ. ಒಂದು ಕಡೆ ಗುಡ್ಡದ ಸಾಲು, ಇನ್ನೊಂದು ಕಡೆ ಕಾಂಡ್ಲಾ ಗಿಡಗಳ ಹಸಿರು, ಅದರಾಚೆ ಪನ್ವೇಲ್ ಖಾಡಿ. ಖಾರಘರಕ್ಕೆ ಬರುವ ನೆಂಟರಿಗೆ ನಾವು ಉತ್ಸವ ಚೌಕ ತೋರಿಸುತ್ತೇವೆ, ಸೆಂಟ್ರಲ್ ಪಾರ್ಕಿಗೆ ಕರೆದೊಯ್ಯುತ್ತೇವೆ, ಮಳೆಗಾಲವಾದರೆ ಪಾಂಡವಕಡಾ ಜಲಪಾತವನ್ನು ದೂರದಿಂದಲಾದರೂ ಕಾಣಿಸುತ್ತೇವೆ. ಖಾಡಿ ತೋರಿಸುವವರು ಕಡಿಮೆ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರಿಗೂ ಅದು ಫ್ಲ್ಯಾಟಿನ ಬಾಲ್ಕನಿಯಿಂದ ಕಾಣುವ ಒಂದು ಹೊಳಪು, ಅಷ್ಟೇ.

ನಮ್ಮ ಸೊಸೈಟಿಯ ಹುಡುಗರು ಈಚೆಗೆ ಮೊಬೈಲಿನಲ್ಲಿ ಹಾಯಿಮೀನು ಹಿಡಿಯುವ ವಿಡಿಯೊಗಳನ್ನು ನೋಡುತ್ತಿದ್ದಾರೆ. ಬೆನ್ನ ಮೇಲೆ ಹಾಯಿಪಟದಂತೆ ಬಿಚ್ಚಿಕೊಳ್ಳುವ ನೀಲಿ ರೆಕ್ಕೆ, ಈಟಿಯಂಥ ಮೂತಿ, ನೀರಿನಿಂದ ಆಳೆತ್ತರ ಜಿಗಿಯುವ ಮೂರು ಮೀಟರ್ ಉದ್ದದ ದೇಹ. "ಅಂಕಲ್, ಇದು ದಡದ ಹತ್ತಿರವೇ ಸಿಗುತ್ತದಂತೆ. ನಮ್ಮ ಖಾಡಿಯಲ್ಲಿ ಯಾಕೆ ಸಿಗುವುದಿಲ್ಲ?" ಎಂದು ಒಬ್ಬ ಕೇಳಿದ. ಪ್ರಶ್ನೆ ಚೆನ್ನಾಗಿದೆ. ಅದಕ್ಕೆ ಉತ್ತರ ಹುಡುಕಲು ಹೊರಟರೆ ಖಾಡಿಯ ಬಗ್ಗೆಯೇ ತಿಳಿಯುವುದು ಹೆಚ್ಚು.

ಹಾಯಿಮೀನು ಕಣ್ಣಿನಿಂದ ಬೇಟೆಯಾಡುವ ಮೀನು. ಗುಂಪಾಗಿ ಬಂದು ಭೂತಾಯಿಯಂಥ ಸಣ್ಣ ಮೀನುಗಳನ್ನು ಒಂದು ಉಂಡೆಯಾಗಿ ಸುತ್ತುಗಟ್ಟಿ, ಮೂತಿಯಿಂದ ಬಡಿದು ಹಿಡಿಯುತ್ತದೆ. ಗಂಟೆಗೆ 110 ಕಿ.ಮೀ. ಓಡುತ್ತದೆ ಎಂಬ ಹಳೆಯ ಮಾತು ಇನ್ನೂ ಚಾಲ್ತಿಯಲ್ಲಿದೆ. ಬೇಟೆಯ ಹೊತ್ತಿನಲ್ಲಿ ವಿಜ್ಞಾನಿಗಳು ಅಳೆದಾಗ ಸಿಕ್ಕ ವೇಗ ಅದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಅದಕ್ಕೆ ಬೇಕಾದದ್ದು ಬೆಚ್ಚಗಿನ ತಿಳಿನೀರು, ಹೇರಳ ಸಣ್ಣಮೀನು. ಆಳವಾದ ಕಡಲು ದಡಕ್ಕೆ ಹತ್ತಿರವಿದ್ದ ಕಡೆ ಅದು ದಡದತ್ತ ಬರುವ ಸಂಭವ ಹೆಚ್ಚು. ಅಮೆರಿಕದ ಫ್ಲೋರಿಡಾದಲ್ಲಿ ಬೆಚ್ಚನೆಯ ಗಲ್ಫ್ ಪ್ರವಾಹ ಕರೆಯ ಪಕ್ಕದಲ್ಲೇ ಹರಿಯುವುದರಿಂದ ಅಲ್ಲಿ ಹಾಗಾಗುತ್ತದೆ. ಆದರೆ ಆಳವೊಂದೇ ಲೆಕ್ಕವಲ್ಲ. ಮಲೇಷ್ಯಾದ ಕ್ವಾಲಾ ರೊಂಪಿನ್ ಎದುರಿನ ಕಡಲು ಹೆಚ್ಚು ಆಳವಿಲ್ಲ, ಆದರೂ ಸಣ್ಣಮೀನಿನ ಹಿಂಡನ್ನು ಹಿಂಬಾಲಿಸಿ ಹಾಯಿಮೀನು ಅಲ್ಲಿಗೆ ಬರುತ್ತದೆ.

ಹಿಡಿಯುವ ರೀತಿಯೂ ಊರಿನಿಂದ ಊರಿಗೆ ಬೇರೆ. ರೊಂಪಿನ್‌ನ ಬೆಸ್ತರು ತೆಂಗಿನ ಮಡಲುಗಳನ್ನು ಹಗ್ಗಕ್ಕೆ ಕಟ್ಟಿ, ಕಲ್ಲಿನ ಭಾರದಿಂದ ಕಡಲಲ್ಲಿ ನಿಲ್ಲಿಸುತ್ತಾರೆ. ನೆರಳಿಗೆ ಸಣ್ಣಮೀನು ಸೇರುತ್ತದೆ. ಗಾಳದವರು ಮೊದಲು ಅದನ್ನು ಜೀವಂತ ಹಿಡಿದು, ಮೂಗಿನ ಬಳಿ ಹಗುರಾಗಿ ಗಾಳಕ್ಕೆ ಸಿಕ್ಕಿಸಿ ಈಜಲು ಬಿಡುತ್ತಾರೆ. ಫ್ಲೋರಿಡಾದವರು ದೋಣಿಯಿಂದ ಗಾಳಿಪಟ ಹಾರಿಸಿ, ಅದರ ದಾರಕ್ಕೆ ಗಾಳದ ದಾರವನ್ನು ಕ್ಲಿಪ್ಪಿನಿಂದ ಸಿಕ್ಕಿಸುತ್ತಾರೆ. ಎರೆಮೀನು ನೀರಿನ ಮೇಲ್ಮೈಯಲ್ಲೇ ಚಡಪಡಿಸುತ್ತದೆ, ದಾರ ಮಾತ್ರ ನೀರಿಗೆ ತಾಗದೆ ಮೀನಿನ ಕಣ್ಣಿಗೆ ಬೀಳುವುದಿಲ್ಲ. ಇನ್ನು ಕೆಲವರು ಗಾಳವಿಲ್ಲದ ಬಣ್ಣದ ಗೊಂಡೆಗಳನ್ನು ದೋಣಿಯ ಹಿಂದೆ ಎಳೆದು ಮೀನನ್ನು ಹತ್ತಿರ ಕರೆಸಿ, ಆಮೇಲೆ ಎರೆ ಹಾಕುತ್ತಾರೆ. ಈಗ ಹೆಚ್ಚಾಗಿ ಬಳಸುವುದು ಬಳೆಯಂತೆ ಬಾಗಿದ ಗಾಳ. ಮೀನು ಕಚ್ಚಿತೆಂದು ಜಗ್ಗಬಾರದು, ನಿಧಾನವಾಗಿ ದಾರ ಸುತ್ತಬೇಕು. ಗಾಳ ದವಡೆಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ, ಹೊಟ್ಟೆಗೆ ಇಳಿಯುವುದಿಲ್ಲ. ಬಿಟ್ಟಮೇಲೆ ಮೀನು ಬದುಕಲಿ ಎಂದು ಈ ಎಚ್ಚರ.

ನಮ್ಮ ಮಲ್ಪೆ, ಮಂಗಳೂರು ಬಂದರುಗಳಲ್ಲೂ ಹಾಯಿಮೀನು ಇಳಿಯುತ್ತದೆ, ಆದರೆ ಅದು ದೂರ ಹೋದ ದೋಣಿಗಳ ಬಲೆಗೋ ಗಾಳಕ್ಕೋ ಬಿದ್ದದ್ದು. ಇಲ್ಲಿಯ ಲೆಕ್ಕ ಇನ್ನೂ ಕಷ್ಟ. ಕಡಲತಳ ತಟ್ಟೆಯಂತೆ ಚಾಚಿ, ಸುಮಾರು 200 ಮೀಟರ್ ಆಳದ ಬಳಿಕ ಧುಮುಕುತ್ತದಲ್ಲ, ಆ ಅಂಚು ಕೊಚ್ಚಿಯ ಎದುರು ಸುಮಾರು 60 ಕಿ.ಮೀ. ದೂರದಲ್ಲಿದ್ದರೆ ಮುಂಬಯಿಯ ಎದುರು ಸುಮಾರು 300 ಕಿ.ಮೀ. ಆಚೆಗಿದೆ. ದಡದ ನೀರು ಕೆಸರು. ಖಾಡಿಯ ನೀರಂತೂ ಚಹಾದ ಬಣ್ಣ. ಕಣ್ಣನ್ನು ನಂಬಿದ ಮೀನಿಗೆ ಇಲ್ಲಿ ಕೆಲಸವಿಲ್ಲ.

ಹಾಗಾದರೆ ದಡದ ಹತ್ತಿರ ಇಲ್ಲಿ ಸಿಗುವುದೇನು? ಅದನ್ನು ತಿಳಿಯಲು ಬೇಲಾಪುರದ ದಿವಾಳೆಗೆ ಹೋಗಬೇಕು. 1970ರಲ್ಲಿ ಸಿಡ್ಕೊ ಹುಟ್ಟಿ, ಸೆಕ್ಟರುಗಳಿಗೆ ನಂಬರು ಬೀಳುವ ಎಷ್ಟೋ ಮೊದಲಿನಿಂದ ಇರುವ ಕೋಲಿಗಳ ಊರು ಅದು. ಅಲ್ಲಿಯ ವಿದ್ಯೆ ನಮ್ಮ ಕರಾವಳಿಯದಕ್ಕಿಂತ ಬೇರೆ, ಕಾರಣ ಉಬ್ಬರ. ಮಂಗಳೂರಿನಲ್ಲಿ ನೀರು ಏರಿಳಿಯುವುದು ಒಂದೂವರೆ ಮೀಟರಿನ ಆಸುಪಾಸು. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ನಾಲ್ಕು ಮೀಟರಿಗೂ ಹೆಚ್ಚು. ನಮ್ಮವರು ರಂಪಣಿ ಬಲೆಯನ್ನು ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಊರಿನವರೆಲ್ಲ ಸೇರಿ ಮರಳಿನ ಮೇಲೆ ನಿಂತು ಎಳೆದರು. ಇಲ್ಲಿ ಎಳೆಯುವುದು ನೀರೇ. ಕೋಲಿಗಳ ಡೋಲ್ ಬಲೆ ಉದ್ದನೆಯ ಚೀಲದಂತಿದ್ದು, ಅದರ ಅಗಲ ಬಾಯಿಯನ್ನು ಹರಿವಿಗೆ ಎದುರಾಗಿ ಗೂಟಗಳಿಗೆ ಕಟ್ಟುತ್ತಾರೆ. ಬೊಂಬಿಲ್, ಸಿಗಡಿ, ಜವಳಾ ಎಲ್ಲವೂ ಹರಿವಿನ ಜೊತೆ ಒಳಗೆ ಬಂದು ತುದಿಯಲ್ಲಿ ಸೇರುತ್ತವೆ. ನೀರು ತಿರುಗುವ ಮುನ್ನ, ಅದು ನಿಂತಂತಿರುವ ಗಳಿಗೆಯಲ್ಲಿ ಬಲೆ ಎತ್ತಬೇಕು. ದೊಡ್ಡ ಉಬ್ಬರದ ದಿನಗಳಿಗೆ ಅವರು 'ಉಧಾಣ' ಎನ್ನುತ್ತಾರೆ, ಮಂದ ನೀರಿನ ದಿನಗಳಿಗೆ 'ಭಾಂಗ್'. ಉಧಾಣದಲ್ಲಿ ಡೋಲ್ ಬಲೆ ತುಂಬುತ್ತದೆ, ಭಾಂಗ್‌ನಲ್ಲಿ ಸೊರಗುತ್ತದೆ.

ಖಾಡಿಯ ಒಳಗಿನ ಕಸುಬು ಇನ್ನೂ ಸಣ್ಣದು. ಬೀಸುಬಲೆ ಹಿಡಿದು ಮೊಣಕಾಲು ನೀರಿನಲ್ಲಿ ನಿಲ್ಲುವವರು, ಕಾಂಡ್ಲಾದ ಬೇರುಗಳ ನಡುವೆ ಚಿಂಬೋರಿ ಏಡಿ ಹುಡುಕುವವರು, ಇಳಿತದಲ್ಲಿ ಕೆಸರಿಗೆ ಇಳಿದು ಬಿಲದಿಂದ ನಿವಟಿ ಮೀನನ್ನು ಬರಿಗೈಯಲ್ಲಿ ತೆಗೆಯುವ ಹೆಂಗಸರು. ಗಾಳದ ಹವ್ಯಾಸಿಗಳಿಗೆ ಇಲ್ಲಿಯ ದೊರೆ ಜಿತಾಡಾ. ಕೋಲ್ಕತ್ತಾದವರು ಭೆಟ್ಕಿ ಎನ್ನುವ ಮೀನೇ ಇದು. ಕೆಸರು ನೀರಲ್ಲೂ ಹೊಂಚು ಹಾಕಬಲ್ಲದು, ಸಿಹಿನೀರಿಗೂ ಉಪ್ಪುನೀರಿಗೂ ಒಗ್ಗುತ್ತದೆ. ರಾಯಗಡ ಜಿಲ್ಲೆಯಲ್ಲಿ ಇದರ ಮರಿಗಳನ್ನು ಕೆರೆಯಲ್ಲಿ ಬಿಟ್ಟು ಬೆಳೆಸುವ ರೂಢಿಯೂ ಇದೆ.

ದಡದ ಹತ್ತಿರ ಮೀನು ಸಿಗಬೇಕಾದರೆ ದಡ ಇರಬೇಕು, ನೀರು ಹರಿಯಬೇಕು. ತಳೋಜಾ ಕೈಗಾರಿಕಾ ಪ್ರದೇಶದ ಮಲಿನ ನೀರು ಕಾಸಾಡಿ ನದಿಗೆ ಸೇರಿ ಈ ಖಾಡಿಗೆ ಬರುತ್ತದೆ. ಆ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಎದುರು ದಡದ ವಿಮಾನ ನಿಲ್ದಾಣಕ್ಕಾಗಿ ಉಲ್ವೆಯ ಗುಡ್ಡ ಕಡಿದರು, ಉಲ್ವೆ ನದಿಯ ದಾರಿ ತಿರುಗಿಸಿದರು. ಕಾಂಡ್ಲಾ ಕಡಿಯಬಾರದೆಂದು ಬಾಂಬೆ ಹೈಕೋರ್ಟು 2018ರಲ್ಲಿ ಖಡಾಖಂಡಿತವಾಗಿ ಹೇಳಿದೆ, ಆದರೂ ರಸ್ತೆ, ಸೇತುವೆಗಳ ಸಾರ್ವಜನಿಕ ಕೆಲಸಕ್ಕೆ ಅನುಮತಿ ಕೇಳುವುದು ನಿಂತಿಲ್ಲ. ನಾವು ಆ ವಿಮಾನದಲ್ಲಿ ಹಾರುವವರು, ಆ ರಸ್ತೆಯಲ್ಲಿ ಕಾರು ಓಡಿಸುವವರು, 'ಕ್ರೀಕ್ ವ್ಯೂ' ಎಂದು ಹೆಚ್ಚು ದುಡ್ಡು ಕೊಟ್ಟು ಫ್ಲ್ಯಾಟ್ ಕೊಂಡವರು. ಬೇಡ ಎನ್ನುವ ಹಕ್ಕು ನಮಗೆ ಸುಲಭವಾಗಿ ಬರುವುದಿಲ್ಲ. ಆದರೆ ಬಾಲ್ಕನಿಯಿಂದ ಕಾಣುವುದು ಖಾಲಿ ಜಾಗವಲ್ಲ, ಇನ್ನೊಬ್ಬರ ಗದ್ದೆ ಎಂದಾದರೂ ನಮಗೆ ಗೊತ್ತಿರಬೇಕು. ನಮ್ಮೂರ ಅಳಿವೆಗಳಲ್ಲಿ ಮರಳು, ಬಂದರು, ರೆಸಾರ್ಟು ಎಂದು ಇದೇ ಜಗಳ ನಡೆದಾಗ ನಾವು ಯಾರ ಪಕ್ಕ ನಿಂತು ಮಾತಾಡಿದ್ದೆವು ಎಂದು ನೆನಪಿಸಿಕೊಂಡರೆ ಸಾಕು.

ಹೋಗಿ ನೋಡುವವರಿಗೆ ಒಂದೆರಡು ಮಾತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ. ನಾರಳಿ ಪೂರ್ಣಿಮೆ ಕಳೆದ ಮೇಲೆ ದಿವಾಳೆ ಮತ್ತೆ ಕಳೆಗಟ್ಟುತ್ತದೆ. ಹೊರಡುವ ಮುಂಚೆ ಉಬ್ಬರದ ವೇಳಾಪಟ್ಟಿ ನೋಡಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ದೋಣಿಗಳೂ ಹಾಗೆಯೇ. ಮಕ್ಕಳನ್ನು ಕೆಸರಿಗೆ ಇಳಿಸಬೇಡಿ, ನೀರು ಏರುವುದು ಕಣ್ಣಿಗೆ ಕಾಣುವುದಕ್ಕಿಂತ ಬೇಗ. ಮೀನು ಕೊಳ್ಳುವಾಗ ಚೌಕಾಸಿ ಮಾಡಿ, ಪರವಾಗಿಲ್ಲ, ಆದರೆ ಮಾರುವ ಮಾವುಶಿಯನ್ನು "ಇದನ್ನು ಎಲ್ಲಿ ಹಿಡಿದದ್ದು?" ಎಂದು ಕೇಳಿ. ಸಾಸೂನ್ ಡಾಕಿನಿಂದ ತಂದದ್ದಾದರೆ ಹಾಗೆಂದೇ ಹೇಳುತ್ತಾಳೆ. ಖಾಡಿಯದಾದರೆ ಕೈ ಎತ್ತಿ ಜಾಗ ತೋರಿಸುತ್ತಾಳೆ. ಸೊಸೈಟಿಯ ಹುಡುಗರನ್ನು ಮುಂದಿನ ಉಧಾಣಕ್ಕೆ ಅಲ್ಲಿಗೆ ಕರೆದೊಯ್ಯುವುದೆಂದು ನಾವು ಮೂರು ಮನೆಯವರು ಮಾತಾಡಿಕೊಂಡಿದ್ದೇವೆ. ಬರುವವರು ಚಪ್ಪಲಿ ಹಳೆಯದು ಹಾಕಿಕೊಂಡು ಬನ್ನಿ.