ಜಿಲ್ಲೆಗಿಂತ ಹಿರಿಯ ಗಾಡಿ

ಹಳೇ ಯೆಜ್ಡಿ ಎಬ್ಬಿಸಲು ಹೊರಟವರಿಗೆ ಗುಂಡ್ಲುಪೇಟೆ ಅನುಕೂಲದ ಊರು. ಗಾಡಿ ಹುಟ್ಟಿದ ಮೈಸೂರು ಸುಮಾರು 60 ಕಿ.ಮೀ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ, ಗುಂಡ್ಲುಪೇಟೆ ಸೇರಿರುವ ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ಇಲ್ಲಿನ ಹಳೇ ಯೆಜ್ಡಿಗಳೆಲ್ಲ ಜಿಲ್ಲೆಗಿಂತ ದೊಡ್ಡವು!

ಪಿಸ್ಟನ್, ಕ್ಲಚ್ ಪ್ಲೇಟ್, ಕೇಬಲ್ ಹೇಗೋ ಸಿಗುತ್ತವೆ. ಸತಾಯಿಸುವುದು ಕಿಕ್ಕರ್. ಗೇರ್ ಲಿವರ್ರೂ ಅದೇ: ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಒದೆಯೋಕೆ, ಗಾಡಿ ಸ್ಟಾರ್ಟ್ ಆದಮೇಲೆ ಮುಂದಕ್ಕೆ ಮಲಗಿಸಿದರೆ ಗೇರು ಹಾಕೋಕೆ. ಒಂದೇ ತುಂಡು ಎರಡು ಕೆಲಸ ಮಾಡಿ ಮಾಡಿ ಒಳಗಿನ ಹಲ್ಲು ಸವೆದಿರುತ್ತೆ. ಗುಜರಿಯಲ್ಲಿ ಅಸಲಿ ಕಂಡರೆ, ತುಕ್ಕು ಹಿಡಿದಿದ್ದರೂ ಸರಿ, ಚೌಕಾಸಿ ಮಾಡದೆ ಎತ್ತಿಕೊಳ್ಳಿ. ಕ್ರೋಮು, ಬಣ್ಣ ಆಮೇಲಿನ ಮಾತು. ಗಾಡಿ ಕೊಳ್ಳುವ ಮೊದಲು ಆರ್‌ಸಿ ಕೇಳೋದು ಮಾತ್ರ ಮರೀಬೇಡಿ.