ಗಿಡ ನೆಡೋದಕ್ಕೂ ಕಾಲೇಜಾ?

"ಮತ್ತೆ ಕಾಲೇಜಿಗೆ ಸೇರ್ಕಂಡೆ" ಅಂತ ಫೋನಲ್ಲಿ ಹೇಳಿದಾಗ ಅಪ್ಪನಿಗೆ ಖುಷಿಯಾಯಿತು. ಎಂಎಸ್ ಇರಬೇಕು ಅಂದುಕೊಂಡಿದ್ದ.

"ಏನು ಓದ್ತಿದೀಯ?"

"ಗಿಡ ನೆಡೋದು, ಮನೆ ಮುಂದೆ ತೋಟ ಮಾಡೋದು. ಚೆಂದಕ್ಕೆ ಬೆಳೆಸ್ತಾರಲ್ಲ, ಅಂಥ ಗಿಡಗಳು."

ಆ ಕಡೆಯಿಂದ ಮಾತೇ ಇಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಆಮೇಲೆ ನಿಧಾನವಾಗಿ ಕೇಳಿದ: "ಅದಕ್ಕೂ ದುಡ್ಡು ಕಟ್ಟಿದ್ಯೇನ್ಲಾ?"

ಕಟ್ಟಿದ್ದೆ. ನಾನಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಇಲ್ಲಿ ಕಮ್ಯೂನಿಟಿ ಕಾಲೇಜು ಅಂತ ಒಂದು ಒಳ್ಳೆ ವ್ಯವಸ್ಥೆ ಇದೆ. ರಾಜ್ಯದಲ್ಲಿ ಇಂಥವು 116 ಇವೆ. ಹದಿನೆಂಟು ದಾಟಿದ್ದರೆ ಸಾಕು, ಹಳೇ ಮಾರ್ಕ್ಸ್ ಕಾರ್ಡ್ ಯಾರೂ ಕೇಳಲ್ಲ. ಇಲ್ಲಿ ನೆಲೆಸಿದವರಿಗೆ ಒಂದು ಯೂನಿಟ್‌ಗೆ 46 ಡಾಲರ್. ಮೂರು ಯೂನಿಟ್‌ನ ಕೋರ್ಸಿಗೆ 138 ಡಾಲರ್, ಮೇಲೆ ಒಂದಷ್ಟು ಚಿಲ್ಲರೆ ಫೀಸು. ಸಂಜೆ ಆಫೀಸು ಮುಗಿಸಿ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಕತ್ತರಿ, ಕೈಗವಸು ಹಾಕಿಕೊಂಡು ಹೋಗುತ್ತಿದ್ದೆ.

ಸೇರಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ನಾನು ಸಾಕಿದ್ದ ಕರಿಬೇವಿನ ಗಿಡ ಸತ್ತುಹೋಗಿತ್ತು, ಅಷ್ಟೇ. ಅದೂ ಮೂರನೆಯದು. ಮೂರು ಎಕರೆ ತೆಂಗಿನ ತೋಟದ ರೈತನ ಮಗ ನಾನು, ಕುಂಡದಲ್ಲಿ ಒಂದು ಕರಿಬೇವು ಉಳಿಸಿಕೊಳ್ಳೋಕೆ ಆಗಲಿಲ್ಲ. ಯಾಕೆ ಸತ್ತಿತು ಅನ್ನುವುದು ಮಣ್ಣಿನ ಬಗ್ಗೆ ನಡೆದ ಮೊದಲ ಕ್ಲಾಸಲ್ಲೇ ಗೊತ್ತಾಯಿತು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರಿಗೆ ಉಸಿರಾಡೋಕೆ ಆಗಲ್ಲ, ಕೊಳೆಯುತ್ತದೆ. ಪ್ರೀತಿ ಜಾಸ್ತಿಯಾಗಿ ದಿನಾ ನೀರು ಹುಯ್ದು ನಾನೇ ಅದನ್ನು ಮುಳುಗಿಸಿದ್ದೆ.

ಗಿಡ ಗುರುತಿಸುವ ಕ್ಲಾಸು ಇನ್ನೊಂದು ಕಥೆ. ವಾರಕ್ಕೆ ಇಪ್ಪತ್ತು ಗಿಡ. ಮೇಜಿನ ಮೇಲೆ ಬಾಟಲಿಗಳಲ್ಲಿ ಇಪ್ಪತ್ತು ರೆಂಬೆ ಇಟ್ಟಿರುತ್ತಾರೆ, ನೋಡಿ ಲ್ಯಾಟಿನ್ ಹೆಸರು ಬರೆಯಬೇಕು. ಒಂದಕ್ಷರ ತಪ್ಪಿದರೂ ಮಾರ್ಕ್ಸ್ ಕಟ್. ಸೆಮಿಕೋಲನ್ ಮರೆತರೆ ಕೋಡ್ ಓಡಲ್ಲವಲ್ಲ, ಹಾಗೆ. ಒಂದು ದಿನ ನೀರಿಯಂ ಓಲಿಯಾಂಡರ್ ಅನ್ನೋ ರೆಂಬೆ ಬಂತು. ನೋಡಿದರೆ ಅವ್ವ ಪೂಜೆಗೆ ಕುಯ್ಯುತ್ತಿದ್ದ ಕಣಗಿಲೆ! ಇಲ್ಲಿ ಅದು ಹೆದ್ದಾರಿಗಳ ನಡುವೆ ಮೈಲಿಗಟ್ಟಲೆ ಬೆಳೆದು ನಿಂತಿದೆ. ನೀರು ಕೇಳಲ್ಲ, ಹೊಗೆಗೆ ಹೆದರಲ್ಲ. ಆದರೆ ಇಡೀ ಗಿಡ ವಿಷ. ನಮ್ಮೂರಲ್ಲಿ ದನವೂ ಅದನ್ನು ಮೂಸುತ್ತಿರಲಿಲ್ಲ, ಅದಕ್ಕೇ ಅವ್ವ ಅದನ್ನು ಬೇಲಿ ಪಕ್ಕ ನೆಟ್ಟಿದ್ದಳು.

ಇನ್ನೊಂದು ವಾರ ಚೆಂಡು ಹೂವು ಬಂತು. ಅದರ ಮೂಲ ಮೆಕ್ಸಿಕೋ ಅಂತ ಗೊತ್ತಾದಾಗ ನನಗೆ ನಂಬೋಕೇ ಆಗಲಿಲ್ಲ, ಆಯುಧಪೂಜೆಗೆ ಸ್ಕೂಟರಿಗೆ ಕಟ್ಟೋ ಹೂವದು. ಪಕ್ಕದಲ್ಲಿ ಕೂರುತ್ತಿದ್ದ ಮೆಕ್ಸಿಕೋ ಮೂಲದ ಹುಡುಗ ನಕ್ಕ. ಅವರಲ್ಲಿ ನವೆಂಬರ್ ಮೊದಲಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಟ್ಟು ಅದೇ ಹೂವಲ್ಲಿ ಸಿಂಗರಿಸುತ್ತಾರಂತೆ. ಅವನು ಹಗಲೆಲ್ಲ ಬೇರೆಯವರ ಹುಲ್ಲುಹಾಸು ಕತ್ತರಿಸಿ, ಸಂಜೆ ಕ್ಲಾಸಿಗೆ ಬರುವವನು. ಸಿ-27 ಅನ್ನೋ ಲ್ಯಾಂಡ್‌ಸ್ಕೇಪ್ ಗುತ್ತಿಗೆದಾರರ ಲೈಸೆನ್ಸ್ ತಗೊಂಡು ಸ್ವಂತ ಕೆಲಸ ಶುರು ಮಾಡಬೇಕು ಅಂತ ಅವನ ಆಸೆ. ನನಗೆ ಇದು ಹವ್ಯಾಸ, ಅವನಿಗೆ ಹೊಟ್ಟೆಪಾಡು. ಗುದ್ದಲಿ ಹಿಡಿಯೋದು ನೋಡಿದರೇ ಯಾರು ಯಾರು ಅಂತ ತಿಳಿಯುತ್ತಿತ್ತು.

ನನ್ನ ನಿದ್ದೆ ಕೆಡಿಸಿದ್ದು ಗಿಡದ ಪಾಠ ಅಲ್ಲ, ಕಾಂಕ್ರೀಟಿನ ಪಾಠ. ಅವತ್ತು ಎಲ್ಲರಿಗೂ ಒಂದಡಿ ಆಳದ ಗುಂಡಿ ತೋಡಿಸಿದರು. ನೀರು ತುಂಬಿಸಿ, ಎಷ್ಟು ಹೊತ್ತಿಗೆ ಇಂಗುತ್ತದೆ ಅಂತ ಗಡಿಯಾರ ಹಿಡಿದು ನೋಡಬೇಕು. ಆಮೇಲೆ ಹೇಳಿದರು: ಕಾಂಕ್ರೀಟ್ ಹಾಕುವ ಮುಂಚೆ ಕೆಳಗಿನ ಮಣ್ಣನ್ನು ಕುಟ್ಟಿ ಕುಟ್ಟಿ ಗಟ್ಟಿ ಮಾಡುತ್ತಾರೆ. ಮುಂದೆ ಯಾವತ್ತೋ ಕಾಂಕ್ರೀಟ್ ಒಡೆದು ತೆಗೆದರೂ ಆ ಮಣ್ಣು ತಾನಾಗಿ ಬೇಗ ಸಡಿಲ ಆಗಲ್ಲ, ಗಾಳಿ ನೀರು ಆಡಲ್ಲ.

ನನಗೆ ತಕ್ಷಣ ನೆನಪಾಗಿದ್ದು 2013. ತಿಪಟೂರು ಕಡೆಯ ನಮ್ಮೂರಿನ ಮನೆ. ಹೆಣ್ಣಿನ ಕಡೆಯವರು ಮನೆ ನೋಡೋಕೆ ಬರುತ್ತಾರೆ ಅಂತ ಗೊತ್ತಾದಾಗ ನನಗೆ ಮೊದಲು ನಾಚಿಕೆಯಾಗಿದ್ದು ಅಂಗಳದ ಕೆಸರಿನ ಬಗ್ಗೆ. ಬೆಂಗಳೂರಿಂದ ಬೋನಸ್ಸಿನ ದುಡ್ಡು ಕಳಿಸಿ, ಬಾಗಿಲಿಂದ ಬೇಲಿವರೆಗೂ ಸಿಮೆಂಟು ಹಾಕಿಸಿ ಅಂತ ಫೋನಲ್ಲೇ ಆರ್ಡರ್ ಮಾಡಿದ್ದೆ. ಅಲ್ಲಿ ಕನಕಾಂಬರ ಇತ್ತು, ಕಾಕಡ ಇತ್ತು, ಬಚ್ಚಲ ನೀರು ಹೋಗುವ ಕಡೆ ಎರಡು ಬಾಳೆ ಗುತ್ತಿ, ಕೆಸುವಿನ ಗಿಡ. ಅಪ್ಪನ ಲೆಕ್ಕದಲ್ಲಿ ತೆಂಗು ಬೆಳೆ, ಇವೆಲ್ಲ ಹೆಂಗಸರ ಹುಚ್ಚು. ನನ್ನ ಲೆಕ್ಕದಲ್ಲೂ ಅಷ್ಟೇ ಇತ್ತು.

ಕೋರ್ಸಿನ ಕೊನೆಗೆ ಪ್ರಾಜೆಕ್ಟ್. ಒಂದು ಮನೆಯ ಅಂಗಳವನ್ನು ಅಳತೆಗೆ ತಕ್ಕಂತೆ ಬರೆದು ವಿನ್ಯಾಸ ಮಾಡಬೇಕು. ನಾನು ನಮ್ಮೂರ ಮನೆಯನ್ನೇ ಆರಿಸಿಕೊಂಡೆ. ಎರಡು ರಾತ್ರಿ ಕೂತು ಚೆಂದವಾಗಿ ಬರೆದೆ. ಸಿಮೆಂಟು ಪೂರ್ತಿ ತೆಗೆದು, ಬಳುಕುವ ಕಾಲುದಾರಿ, ಹಕ್ಕಿಗೆ ನೀರಿನ ತೊಟ್ಟಿ, ಡ್ರಿಪ್ ಲೈನ್. ಟೀಚರ್ ನೋಡಿ ಒಂದೇ ಪ್ರಶ್ನೆ ಕೇಳಿದರು: ಕ್ಲೈಂಟ್ ಇಂಟರ್‌ವ್ಯೂ ಎಲ್ಲಿ?

ಹತ್ತು ವರ್ಷದಿಂದ ಸಾಫ್ಟ್‌ವೇರ್ ಕಂಪನಿಗಳಲ್ಲಿ "ರಿಕ್ವೈರ್‌ಮೆಂಟ್ ಕೇಳದೆ ಕೋಡ್ ಬರೀಬೇಡಿ" ಅಂತ ಜೂನಿಯರ್‌ಗಳಿಗೆ ಬೋಧನೆ ಮಾಡಿದವನು ನಾನು. ಅವತ್ತು ರಾತ್ರಿ ಅವ್ವನಿಗೆ ವೀಡಿಯೋ ಕಾಲ್ ಮಾಡಿದೆ.

"ಅವ್ವಾ, ಸಿಮೆಂಟೆಲ್ಲ ಒಡೆಸಿ ಮತ್ತೆ ಗಿಡ ಹಾಕ್ಸಾನ?"

"ಪೂರ್ತಿ ಒಡೆದ್ರೆ ರಾಗಿ ಎಲ್ಲಿ ಒಣಗಿಸ್ಲಿ? ಹುಣಸೆಹಣ್ಣು ಎಲ್ಲಿ ಹರವ್ಲಿ? ಈಗ ಕಲ್ಲು ಮಣ್ಣು ಸೇರಲ್ಲ, ಗುಡ್ಸೋದೂ ಸಲೀಸು. ಸುಮ್ಕಿರು."

ನನ್ನ ಪಶ್ಚಾತ್ತಾಪದ ಡ್ರಾಯಿಂಗ್ ಅಲ್ಲಿಗೆ ಮುಗಿಯಿತು. ಹಾಗಾದರೆ ನಿನಗೆ ಏನು ಬೇಕು ಅಂತ ಕೇಳಿದೆ. ಆ ಅಂಗಳದ ಬಗ್ಗೆ ಈ ಪ್ರಶ್ನೆಯನ್ನು ನಾನು ಕೇಳಿದ್ದು ಅದೇ ಮೊದಲು.

ಬಚ್ಚಲ ಪಕ್ಕ ನಾಲ್ಕಡಿ ಅಗಲ ಬಿಡಿಸಿದರೆ ಸಾಕು. ಕೂತು ಅವರೆಕಾಯಿ ಸುಲಿಯೋಕೆ ನೆರಳಿರೋ ಕಡೆ ಒಂದು ಚಪ್ಪಡಿ. ಮಂಡಿ ನೋವು, ಬಗ್ಗೋಕಾಗಲ್ಲ, ಹೂವು ಕೈಗೆ ಸಿಗೋ ಎತ್ತರದಲ್ಲಿರಬೇಕು. ಡ್ರಿಪ್ಪು ಬೇಡ, ತೋಟದಲ್ಲಿ ಪೈಪೆಲ್ಲ ಅಳಿಲು ಕಡಿದು ಹಾಳು ಮಾಡಿವೆ. ಎಲ್ಲ ಬರೆದುಕೊಂಡೆ. ಕೊನೆಗೆ ಕೇಳಿದೆ, "ಆ ಕನಕಾಂಬರದ ಗಿಡಗಳು ಏನಾದ್ವು?"

"ಗಾರೆಯೋರು ಬರೋ ಹಿಂದಿನ ದಿನ ಕಿತ್ತು ಪಕ್ಕದ್ಮನೆ ಗೌರಕ್ಕಂಗೆ ಕೊಟ್ಟೆ. ಹಬ್ಬಕ್ಕೆ ಅವಳೇ ಹೂ ತಂದ್ಕೊಡ್ತಾಳಲ್ಲ."

"ಬ್ಯಾಡ ಅನ್ಬೋದಿತ್ತಲ್ಲವ್ವ."

"ಮೊದ್ಲನೇ ಸತಿ ಅಷ್ಟು ದುಡ್ಡು ಕಳ್ಸಿದ್ದೆ ಮಗ. ಬ್ಯಾಡ ಅನ್ನಕಾಯ್ತದ?"

ಹೊಸ ಡ್ರಾಯಿಂಗ್ ಒಂದೇ ಸಂಜೆಯಲ್ಲಿ ಮುಗಿಯಿತು. ಜಾಸ್ತಿ ನೀರು ಕುಡಿಯೋ ಬಾಳೆ ಬಚ್ಚಲ ಬಾಯಿಗೆ, ಆಮೇಲೆ ದಾಸವಾಳ, ಕಾಕಡ, ಕಟ್ಟೆ ಕಟ್ಟಿ ಎತ್ತರಿಸಿದ ಜಾಗದಲ್ಲಿ ಕನಕಾಂಬರ, ಕೊನೆಗೆ ಬೇಲಿಗೆ ಕಣಗಿಲೆ. ಒಂದೇ ಅಳತೆಯ ನೀರು ಕೇಳುವ ಗಿಡಗಳನ್ನು ಒಂದು ಕಡೆ ಸೇರಿಸೋದಕ್ಕೆ ನಮ್ಮ ಪುಸ್ತಕದಲ್ಲಿ ಹೈಡ್ರೋಜೋನ್ ಅಂತ ಹೆಸರಿದೆ. ನಾನು ಮಾಡಿದ್ದು ಹಳೇ ಅಂಗಳವನ್ನು ನೆನಪು ಮಾಡಿಕೊಂಡದ್ದು, ಅಷ್ಟೇ. ಬರ ಕಂಡ ಕ್ಯಾಲಿಫೋರ್ನಿಯಾದಲ್ಲಿ ವಾಷಿಂಗ್ ಮಷೀನ್ ನೀರನ್ನು ಗಿಡಕ್ಕೆ ಬಿಡೋದಕ್ಕೂ ನಿಯಮ ಇದೆ: ನೀರು ಮಡುಗಟ್ಟಬಾರದು, ಎರಡಿಂಚು ಮುಚ್ಚಿಗೆಯ ಕೆಳಗೆ ಹೋಗಬೇಕು. ಅದನ್ನು ನಮ್ಮ ಬಚ್ಚಲಿಗೂ ಸೇರಿಸಿದೆ. ಮುಚ್ಚಿಗೆಗೆ ತೆಂಗಿನ ಸಿಪ್ಪೆ. ಅದಕ್ಕೇನು ನಮ್ಮಲ್ಲಿ ಬರ ಇಲ್ಲ.

ಪ್ರಾಜೆಕ್ಟಿಗೆ ಎ ಗ್ರೇಡ್ ಬಂತು. ಅದನ್ನು ಹೇಳೋಕೆ ಫೋನ್ ಮಾಡಿದರೆ ಅಪ್ಪ, "ಹಾಕ್ಸೋಕೂ ನೀನೇ ಕಳ್ಸಿದ್ದೆ, ಒಡ್ಸೋಕೂ ನೀನೇ ಕಳ್ಸು" ಅಂದ. ಕಳಿಸಿದೆ.

ಹದಿನೈದು ದಿನ ಬಿಟ್ಟು ವಾಟ್ಸಾಪಲ್ಲಿ ಫೋಟೋ ಬಂತು. ನಾಲ್ಕಡಿ ಅಗಲದ ಕೆಂಪು ಮಣ್ಣು. "ಕಲ್ಲಿನಂಗೆ ಆಗಿತ್ತು ಕಣ್ಲಾ ಮಣ್ಣು" ಅಂದ ಅಪ್ಪ. "ಗುಂಡಿ ತೋಡಿ ಒಂದು ಬಿಂದಿಗೆ ನೀರು ಹುಯ್ದು ನೋಡ್ದೆ. ಸಂಜೆವರ್ಗೂ ಇಂಗ್ಲಿಲ್ಲ. ಆಮೇಲೆ ಹಾರೇಲಿ ಮೀಟಿ, ಕೆರೆಗೋಡು, ಕೊಟ್ಟಿಗೆ ಗೊಬ್ಬರ ಸೇರಿಸ್ದೆ."

"ಅಪ್ಪಾ, ನಮಗೂ ಕಾಲೇಜಲ್ಲಿ ಅದನ್ನೇ ಹೇಳ್ಕೊಟ್ಟಿದ್ದು."

"ಹಂಗಾದ್ರೆ ಆ ಫೀಸು ನಂಗೆ ಕಳ್ಸು."

ಆಮೇಲೆ ಇನ್ನೊಂದು ಫೋಟೋ ಬಂತು. ಅವ್ವ ಚಪ್ಪಡಿ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ ಒಂದು ಹಳೇ ಪೇಂಟ್ ಡಬ್ಬ, ಅದರ ತುಂಬ ಕನಕಾಂಬರದ ಸಸಿ. ಗೌರಕ್ಕ ವಾಪಸ್ ಕೊಟ್ಟಿದ್ದಂತೆ.